ವೇಬಿಲ್

ಸುಸ್ತು ಅನ್ನಬಾರದು.
ಮೊದಲೇ ತೀರ್ಮಾನಿಸಿಕೊಂಡು ಹೊರಟಿದ್ದೆ.
ಸುಸ್ತು ಯಾರಿಗಿಲ್ಲ,
ಬುಟ್ಟಿ ಹೊತ್ತು ನನ್ನ ಬಸ್ಸು ಹತ್ತುತ್ತಿದ್ದ
ಹಾರವಾಡದ ತುಳಸಕ್ಕನಿಗಿಲ್ಲವೇ,
ನಸುಕಿಗೆ ದೋಣಿ ನೂಕುವವರಿಗಿಲ್ಲವೇ.
ಕಳೆದ ಸಲ ಆ ಒಂದೇ ಮಾತು ಆಡಿ
ಕಬ್ಬಿಣದ ಗುಳಿಗೆ, ‘ಬೆಳಿಗ್ಗೆ ವಾಕಿಂಗ್ ಮಾಡಿ’
ಇಷ್ಟು ಹಿಡಿದು ವಾಪಸ್ಸು ಬಂದಿದ್ದೆ.

ವಾಕಿಂಗ್ ಮಾಡಿದೆ ಡಾಕ್ಟ್ರೇ.
ಕೋಡಿಬಾಗದ ದಂಡೆಯಲ್ಲಿ, ಗಾಳಿಮರಗಳ ಕೆಳಗೆ
ನಾಲ್ಕು ದಿನ.
ಐದನೆಯ ದಿನ
ಹಲ್ಲುಜ್ಜುವ ಬ್ರಷ್ಷು ಎತ್ತಲು ಕೈ ಬರಲಿಲ್ಲ.
ಇದನ್ನು ಹೇಳಬೇಕು.

ಹನ್ನೊಂದು ವರ್ಷ ಕಾರವಾರ–ಅಂಕೋಲಾ.
ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ
ನಿದ್ದೆಗಣ್ಣಲ್ಲೂ ಕೂಗುತ್ತಿದ್ದವಳು
ಈಗ ಅರಗಾ ಆದ ಮೇಲೆ ಯಾವುದೆಂದು ತಡಕಾಡುತ್ತೇನೆ.
ಮಗಳನ್ನು ಕರೆಯಲು ಹೋದರೆ
ಬಸ್ಸಿನ ನಂಬರು ಬಾಯಿಗೆ ಬರುತ್ತದೆ.
ಅವಳು ನಗುತ್ತಾಳೆ. ನಾನೂ.
ಇದನ್ನೂ ಹೇಳಬೇಕು, ನಗು ಬಿಟ್ಟು.

ಹೋದ ವರ್ಷ ಚೌತಿಯ ಹೊತ್ತಿಗೆ ಜ್ವರ, ಒಂಬತ್ತು ದಿನ.
ಜ್ವರ ತನ್ನ ಸ್ಟಾಪಿನಲ್ಲಿ ಇಳಿದು ಹೋಯಿತು,
ಅದರ ಗಂಟು ಮಾತ್ರ
ಸೀಟಿನ ಕೆಳಗೆ ಉಳಿದಿದೆ.

ಅತ್ತೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು.
ಡಿಪೋದಲ್ಲಿ ಅಂದರು, ಮೋಹಿನಿಗೆ ಲೈಟ್ ಡ್ಯೂಟಿ ರುಚಿ ಹತ್ತಿದೆ.
ಪಕ್ಕದ ಮನೆಯ ಶೇವಂತಿಬಾಯಿ,
‘ಏನಾಗಿದೆ ಮಾರಾಯ್ತಿ, ಮುಖ ಮಿರಿಮಿರಿ ಅನ್ನುತ್ತಿದೆ.’
ಹೌದು.
ನಾನು ಎದ್ದು ಕೂರುವ ದಿನವೇ
ಅವಳು ನನ್ನನ್ನು ನೋಡುವುದು.

ಹಾಗಾಗಿ ಹಳೆಯ ವೇಬಿಲ್ಲುಗಳ ಬೆನ್ನಿಗೆ ಗೆರೆ ಎಳೆದು
ಮೂರು ವಾರ ಬರೆದೆ.
ಎಲ್ಲಿ ಹತ್ತಿದೆ, ಎಲ್ಲಿ ಇಳಿದೆ, ಎಷ್ಟು ತೆತ್ತೆ.
ಸೋಮವಾರ: ತಲೆಸ್ನಾನ. ಮಗಳ ಶಾಲೆಯ ಮೀಟಿಂಗು, ಅರ್ಧ ಗಂಟೆ ಬೆಂಚಿನ ಮೇಲೆ.
ಮಂಗಳವಾರ: ಪರವಾಗಿಲ್ಲ.
ಬುಧವಾರ: ಮಂಚ. ಗಂಟಲು ನೋವು. ಕಿಟಕಿ ಮುಚ್ಚಿ ಅಂದೆ.
ಗುರುವಾರ: ಮಂಚ. ಹತ್ತು ತಾಸು ಮಲಗಿ ಎದ್ದರೂ
ರಾತ್ರಿಯೆಲ್ಲ ಬಸ್ಸಿನಲ್ಲಿ ನಿಂತು ಬಂದ ಹಾಗೆ.
ಶುಕ್ರವಾರ ಖಾಲಿ.

ರೇವಣಕರ್ ಡಾಕ್ಟರು ರಿಪೋರ್ಟು ಮಗುಚಿದರು.
ರಕ್ತ ಸರಿ. ಸಕ್ಕರೆ ಸರಿ. ಥೈರಾಯ್ಡ್ ಸರಿ.
ಎಲ್ಲ ನಾರ್ಮಲ್ ಅನ್ನಲು ತೆರೆದ ಬಾಯಿ
ವೇಬಿಲ್ಲಿನ ಮೇಲೆ ಬಂದು ನಿಂತಿತು.
ಹೊರಗೆ ಮೂವತ್ತೆರಡನೆಯ ಟೋಕನ್ ಕೆಮ್ಮುತ್ತಿತ್ತು.

‘ಸೋಮವಾರದ್ದು ಬುಧವಾರ ಹಿಡಿಯುತ್ತದೆಯೇ?’
‘ಹಿಡಿಯುತ್ತದೆ. ಚೆಕಿಂಗಿನವರ ಹಾಗೆ,
ಊರು ದಾಟಿ, ಇನ್ನೇನಿಲ್ಲ ಅಂದುಕೊಂಡ ಮೇಲೆ.’
‘ಪ್ರತಿ ಸಲ?’
‘ಪ್ರತಿ ಸಲ.’
ಪೆನ್ನು ಕೆಳಗಿಟ್ಟರು.
ಕ್ಯಾಲೆಂಡರಿನ ಕಡೆ ನೋಡುತ್ತ
ಮೆಲ್ಲಗೆ, ಕೊಂಕಣಿಯಲ್ಲಿ ಅಂದರು,
ವಾಕಿಂಗ್ ಹೇಳಿದ್ದು ತಪ್ಪಾಯಿತು.

ಆಮೇಲೆ ಒಂದು ಹೆಸರು ಹೇಳಿದರು, ಉದ್ದದ್ದು,
ಎರಡು ಸಲ ಬರೆಸಿಕೊಂಡೆ.
ಬೇರೆ ಏನೂ ಅಲ್ಲವೆಂದು ಖಾತ್ರಿಗೆ ಇನ್ನೆರಡು ಪರೀಕ್ಷೆ.
ವಾಸಿ ಮಾಡುವ ಗುಳಿಗೆ ಇಲ್ಲ.
ನಿದ್ದೆಗೆ, ನೋವಿಗೆ ಏನಾದರೂ ನೋಡೋಣ.
ಕೊನೆಯ ಕಾಸಿನ ತನಕ ಹೋಗಬೇಡಿ,
ಒಂದು ಸ್ಟೇಜು ಮೊದಲೇ ಇಳಿಯಿರಿ,
ಚೀಲದಲ್ಲಿ ಚಿಲ್ಲರೆ ಇರಲಿ.
(ಚಿಲ್ಲರೆಯ ಮಾತು ನನ್ನದೋ ಅವರದೋ ಈಗ ನೆನಪಿಲ್ಲ.)

ಅಳು ಬರಬಹುದು ಅಂದುಕೊಂಡಿದ್ದೆ.
ಹಸಿವಾಯಿತು.

ಮಂಚದಿಂದ ಅಡುಗೆಮನೆಗೆ ಈಗ ಎರಡು ಸ್ಟೇಜು.
ನಡುವೆ ಬಾಗಿಲ ಬಳಿ ನೀಲಿ ಪ್ಲಾಸ್ಟಿಕ್ ಸ್ಟೂಲು,
ಅಲ್ಲಿ ಕೂತೇ ಮುರುಗಲು ಸಾರಿಗೆ ಬೆಳ್ಳುಳ್ಳಿ ಸುಲಿಯುತ್ತೇನೆ.
ಐದೂ ನಲವತ್ತರ ಬಸ್ಸು
ಹೆದ್ದಾರಿಯಲ್ಲಿ ಹಾರ್ನು ಹಾಕಿ ಹೋಗುತ್ತದೆ,
ಯಾರೋ ಹೊಸ ಹುಡುಗಿಯ ಸೀಟಿ.
ಬಿಣಗಾ, ಅನ್ನುತ್ತೇನೆ. ಅರಗಾ.

ಆಮೇಲೆ?
ಕಾಯುತ್ತೇನೆ.
ಬಂದರೆ ಬಂತು.
ಬರದಿದ್ದರೆ ಇವತ್ತು
ಅರಗಾದಲ್ಲೇ ಇಳಿದುಬಿಡುತ್ತೇನೆ.