ಏಳನೇ ಕಂಡಿಕೆ

ನಾನು, ನೆಸ್ಟಾ ಪ್ರಥೆರೊ, ವಯಸ್ಸು ಎಪ್ಪತ್ತೊಂದು,
ವೇಲ್ಸಿನ ಮುಚ್ಚಿಹೋದ ಸ್ಲೇಟುಗಣಿಯ ಕೆಳಗಿನ ಸಾಲು,
ಒಂಬತ್ತನೇ ನಂಬರಿನ ಮನೆಯಲ್ಲಿ ವಾಸ,
ಪ್ರಮಾಣ ಮಾಡಿ ಬರೆಸುವುದೇನೆಂದರೆ...

ಹೀಗೇ ಶುರುವಾಗಬೇಕಂತೆ.
ವಕೀಲೆ ಹೆಲೆದ್ ಹೇಳುತ್ತಾಳೆ, ಟೈಪು ಮಾಡುತ್ತ.
ಅವಳ ಅಮ್ಮನಿಗೆ ಶಾಲೆಯಲ್ಲಿ ಊಟ ಬಡಿಸಿದವಳು ನಾನು.

ಸ್ವತ್ತಿನ ವಿವರ: ಹಿತ್ತಲಗೋಡೆಯ ಆಚೆ
ಉದ್ದ ಹದಿನಾಲ್ಕು ಹೆಜ್ಜೆ, ಅಗಲ ಐದು,
ಹಳ್ಳದ ಕಡೆ ಮೂರೂವರೆ.
ನೋಂದಣಿ ಕಚೇರಿಯ ನಕ್ಷೆಯಲ್ಲಿ ಸುತ್ತೆಲ್ಲ ಬಣ್ಣ,
ಇದೊಂದೇ ಬಿಳಿ,
ಹಾಲುಹಲ್ಲು ಬಿದ್ದ ಸಂದಿಯ ಹಾಗೆ.
ಹನ್ನೊಂದನೇ ಮನೆ ಕೊಂಡ ರಜೆಯ ಮಂದಿ
ಕಾರು ನಿಲ್ಲಿಸಲು ಆ ಸಂದಿಯಲ್ಲೇ ನಾಲಗೆ ಆಡಿಸುತ್ತಿದ್ದಾರೆ.

ಚಕ್ಕುಬಂದಿ:
ಪೂರ್ವಕ್ಕೆ ತಂತಿಯಿಂದ ಹೆಣೆದ ಸ್ಲೇಟುಹಲಗೆಯ ಬೇಲಿ.
ಪಶ್ಚಿಮಕ್ಕೆ ಹಳ್ಳ, ಬೇಸಿಗೆಯಲ್ಲಿ ಮಾತ್ರ ತನ್ನ ಜಾಗದಲ್ಲಿರುತ್ತದೆ.
ಉತ್ತರಕ್ಕೆ ಗಣಿಯವರು ಬಿಟ್ಟುಹೋದ ಕಲ್ಲುರಾಶಿ.
ದಕ್ಷಿಣಕ್ಕೆ ನಾನು.

"ಹಾಗೆ ಬರೆಯೋಕಾಗಲ್ಲ ಮಿಸೆಸ್ ಪ್ರಥೆರೊ.
ದಕ್ಷಿಣಕ್ಕೆ ಅರ್ಜಿದಾರರ ಮನೆ, ಅನ್ನೋಣ."
ಅನ್ನೋಣ.

ಒಂದು, ಎಪ್ಪತ್ತೆಂಟರಿಂದ ನೆಲ ನನ್ನ ಅನುಭೋಗದಲ್ಲಿದೆ.
ಎರಡು, ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದು ಗಂಡ ಎಮ್ರಿಸ್.
ಕಂಬ ಗಣಿಯ ಹಳಿಯದು. (ಅದು ಎಲ್ಲಿಂದ ಬಂತೆಂದು
ಕೇಳಿದರೆ ಮಾತ್ರ ಹೇಳುವುದು.)
ಮೂರು ಆಲೂಗಡ್ಡೆ. ನಾಲ್ಕು ಬಾತುಕೋಳಿ,
ನರಿ ಬಂದ ವರ್ಷ ಬಿಟ್ಟು.
ಐದು, ಗೇಟಿಗೆ ಬೀಗ.
ಬೀಗ ಹಾಕಿದ್ದು ಕುರಿ ನುಗ್ಗದಿರಲೆಂದು.
ಕುರಿಯ ಹೆಸರು ಎತ್ತಿದರೆ ಕೇಸು ಸಡಿಲವಂತೆ;
ಲೋಕದ ಸಮಸ್ತರನ್ನೂ ಹೊರಗಿಡುವ ಉದ್ದೇಶ
ನನಗಿತ್ತು ಎಂದಿರಬೇಕಂತೆ.
ಆರು, ಫೋಟೋ. ಎಂಬತ್ತಮೂರರ ಜುಲೈ,
ತಗಡಿನ ತೊಟ್ಟಿಯಲ್ಲಿ ಮಗಳು ಲೋವ್ರಿ, ಮೈತುಂಬ ನೊರೆ.
ಹೆಲೆದ್ ಪೆನ್ನಿನಿಂದ ಗುರುತಿಸಿದ್ದು
ಹಿಂದಿನ ಬೇಲಿಯನ್ನು.

ಏಳು. "ಈ ಅವಧಿಯಲ್ಲಿ ಯಾರೊಬ್ಬರ
ಅನುಮತಿಯೂ ಇಲ್ಲದೆ, ಅಂತ ಬರೆದಿದ್ದೀನಿ. ಸರಿ ತಾನೆ?"

ಗೋಡೆಗಡಿಯಾರ ಸುಮಾರು ಹೊತ್ತು ಒಂದೇ ಮಾತಾಡಿತು.

ಎಲೀನೆಡ್ ಪಾರಿ ಬಂದಿದ್ದರು, ಎಂದೆ.
ಗಣಿಮನೆಯ ಕೊನೆಯವರು. ನಾನಾಗ ಏಳು ತಿಂಗಳ ಬಸುರಿ,
ಒದ್ದೆ ಹಚ್ಚಡ ಹೊತ್ತು ಗೋಡೆ ಹತ್ತಲಾರದೆ ನಿಂತಿದ್ದೆ.
ಪೇಪರಿನಲ್ಲಿ ಸುತ್ತಿದ ರೂಬಾರ್ಬ್ ಗೆಡ್ಡೆಯೊಂದನ್ನು ಕೈಗಿಟ್ಟು
"ಆ ಮೂಲೆ ನನಗ್ಯಾಕಮ್ಮ, ನೀನೇ ಇಟ್ಕೋ,
ಮಗೂಗೆ ಬಿಸಿಲಾದರೂ ಬೀಳಲಿ" ಅಂದರು.
ಪತ್ರ ಗಿತ್ರ ಇಲ್ಲ. ಇದ್ದ ಪತ್ರವನ್ನೂ
ಇಲಿ ತಿಂದಿತ್ತಂತೆ, ನಕ್ಕರು.

ಹೆಲೆದ್ ಕೈ ತೆಗೆದಳು ಕೀಲಿಮಣೆಯಿಂದ.
"ಕೇಳದೆ ಹನ್ನೆರಡು ವರ್ಷ ಕೂತಿದ್ದರೆ ನೆಲ ನಿಮ್ಮದು.
ಇಟ್ಕೋ ಅಂದಿದ್ದರೆ ನೀವು ಬರೀ ಅತಿಥಿ.
ಅವರು ಒಳ್ಳೆಯವರಾಗಿದ್ದೇ ತೊಂದರೆ."
ಮುಖ ಕೆಂಪಾಗಿತ್ತು ಹುಡುಗಿಗೆ,
ಕಾನೂನು ತಾನೇ ಬರೆದವಳ ಹಾಗೆ.

ಈ ಮಾತು ಬೇರೆ ಯಾರಿಗೂ ಗೊತ್ತಿಲ್ಲ.
ಅದನ್ನು ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ,
ಇಬ್ಬರಿಗೂ ಕೇಳಿಸಿತು.
ಇಲ್ಲ, ಎಂದೆ. ಗೆಡ್ಡೆ ಇನ್ನೂ ಚಿಗುರುತ್ತಿದೆ.
ಅದರ ಎದುರಿಗೆ ಸುಳ್ಳು ಹೇಳಿ ಬಟ್ಟೆ ಹರವಲೇ?

"ಅವರು ತೀರಿಕೊಂಡದ್ದು?"
ತೊಂಬತ್ತನಾಲ್ಕು, ಫೆಬ್ರವರಿ.
ಅವಳು ಬೆರಳಲ್ಲಿ ಎಣಿಸಿದಳು, ಕಣ್ಣು ಅರಳಿತು.
"ಹಾಗಾದರೆ ಅನುಮತಿಯೂ ಅವತ್ತೇ ಸತ್ತಿತು!
ಅಂದಿನಿಂದ ನೀವು ಅತಿಕ್ರಮಣದಾರರು.
ಮೂವತ್ತು ವರ್ಷ, ಬೇಕಾದಷ್ಟಾಯಿತು.
ಅವತ್ತಿನಿಂದಲೇ ಬರೆಯೋಣ.
ಆ ದಿನ ನೆಲದ ಮೇಲೆ ಏನಾದರೂ ಮಾಡಿದ ನೆನಪಿದೆಯಾ?"

ಇದೆ.
ಮಣ್ಣು ಮಾಡಿ ಬಂದದ್ದು ನಾಲ್ಕು ಗಂಟೆಗೆ.
ಸ್ಮಶಾನದಲ್ಲಿ ಕೆಸರು. ಕರಿ ಕಾಲುಚೀಲ ಒಗೆದು
ಅವರ ಮೂಲೆಯಲ್ಲಿ
ತಂತಿಗೆ ಹಾಕಿದೆ.