ಕಿಟಕಿಯಾಚೆ, ಮೈನಸ್ ಇಪ್ಪತ್ತಮೂರು

ರಾತ್ರಿ ಎರಡೂಕಾಲಿಗೆ ಮೂರನೇ ಮಹಡಿಯ ಫ್ರೀಜರ್ ಕೂಗಿತು.
ನಾನು ಕಾವಲಿನವನು. ನನ್ನ ಕೆಲಸ ಬಾಗಿಲು, ಬೀಗ, ಹೊಗೆ.
ಕೂಗುವ ಯಂತ್ರಕ್ಕೆ ಏನು ಸಮಾಧಾನ ಹೇಳಬೇಕೋ ತಿಳಿಯದೆ
ಗೋಡೆಯ ಮೇಲಿದ್ದ ನಂಬರಿಗೆ ಫೋನು ಮಾಡಿದೆ.

ಉರ್ವೆ ಬಂದಳು, ರಾತ್ರಿಯಂಗಿಯ ಮೇಲೆ ಕೋಟು,
ಎಡಗಾಲಿಗೊಂದು ಬಲಗಾಲಿಗಿನ್ನೊಂದು ಜೊತೆಯ ಬೂಟು.
ತಾರ್ತುವಿನಲ್ಲಿ ಫೆಬ್ರವರಿ. ನದಿಯೂ ಬಾಯಿ ಕಟ್ಟಿಕೊಂಡಿತ್ತು.
ಮಿಕ್ಕ ಫ್ರೀಜರುಗಳಲ್ಲಿ ಕಡ್ಡಿ ತೂರಿಸಲೂ ಜಾಗವಿಲ್ಲ.
ಅವಳು ಕಿಟಕಿಯಾಚೆ ನೋಡಿದಳು, ಥರ್ಮಾಮೀಟರು ನೋಡಿದಳು.
"ಹೊರಗೇ ಇಡೋಣ, ಎಂಡೆಲ್.
ಇದಕ್ಕೆ ಬೇಕಾದ ಚಳಿ ಪುಕ್ಕಟೆ ಬಿದ್ದಿದೆ."

ಕಿಟಕಿಯ ಅಂಚಿನ ಹಿಮ ಬಗೆದು ಪೆಟ್ಟಿಗೆ ಇಟ್ಟೆವು.
ಒಲೆಯ ಮೇಲಿನ ಹಾಲು ಕಾಯುವವರ ಹಾಗೆ, ತಿರುಗಾಮುರುಗಾ,
ಉಕ್ಕದಂತಲ್ಲ, ಬೆಚ್ಚಗಾಗದಂತೆ ಕಾದು ಕೂತೆವು.

"ಏನಿದೆ ಒಳಗೆ?"
"ಅಂಟು," ಅಂದಳು.

ನನಗೆ ನಗು ಬಂತು. ಮೂವತ್ತೊಂದು ವರ್ಷ
ಪ್ಲೈವುಡ್ ಕಾರ್ಖಾನೆಯಲ್ಲಿ ಅಂಟು ಕಾಯಿಸಿದವನು ನಾನು;
ಅದು ಮುಚ್ಚಿದ ಮೇಲೂ ಎರಡು ಚಳಿಗಾಲ
ನನ್ನ ಬೆವರಿಗೆ ಅದರದೇ ವಾಸನೆ.
ಪೀಪಾಯಿಗಟ್ಟಲೆ ಕಂಡವನಿಗೆ
ಬೆರಳತುದಿಯಷ್ಟರ ಶೀಶೆ ತೋರಿಸುತ್ತಾಳೆ, ತಳದಲ್ಲಿ ಒಂದು ಹನಿ,
ಹನಿಯೊಳಗೆ ಉಪ್ಪಿನ ಹರಳಿನಷ್ಟು ಸರಕು.
ಬೆಲೆ ಕೇಳಿ ಸುಮ್ಮನಾದೆ.

ಮೈಯ ಕಣವನ್ನು ಪಕ್ಕದ ಕಣಕ್ಕೆ ಕೂಡಿಸಿ ಹಿಡಿದದ್ದು ಇಂಥದ್ದೇ ಅಂತೆ;
ಇಲ್ಲದಿದ್ದರೆ ನಾನು, ಅವಳು, ಊರಿನ ಮೇಯರು,
ಎಲ್ಲ ನೆಲಕ್ಕೆ ಚೆಲ್ಲಿದ ರವೆ.
"ಯಾರ ಮೈಯಿಂದ ತೆಗೆದಿರಿ?"
"ಯಾರದರಿಂದಲೂ ಅಲ್ಲ."
ಮನುಷ್ಯನ ಬರಹ, ಹ್ಯಾಮ್‌ಸ್ಟರಿನ ಕಣದೊಳಗೆ ಅಡಿಗೆ,
ಉಕ್ಕಿನ ಹಂಡೆಯಲ್ಲಿ ಹುಟ್ಟಿ, ತೊಳೆಸಿಕೊಂಡು,
ಬಾಲಕ್ಕೊಂದು ಗುರುತು ಕಟ್ಟಿಸಿಕೊಂಡು ಬಂದದ್ದು.
ಚೀಟಿಯ ಮೇಲೆ 'ಮಾನವ' ಎಂದಿದೆ.
ಒಬ್ಬ ಮನುಷ್ಯನೊಳಗೂ ಒಂದು ದಿನ ಇದ್ದದ್ದಲ್ಲ,
ಇರಲೂಬಾರದು: ಕೆಳಸಾಲಿನಲ್ಲಿ,
'ಸಂಶೋಧನೆಗೆ ಮಾತ್ರ'.

ಸುಣ್ಣದಂಶ ಇದ್ದರೆ ಹಿಡಿಯುತ್ತದೆ, ತೆಗೆದರೆ ಬಿಡುತ್ತದೆ.
ಹಿಡಿದರೂ ತನ್ನಂಥದನ್ನೇ.
"ನಮ್ಮದು ಅಷ್ಟು ಹಟಮಾರಿಯಲ್ಲ," ಅಂದೆ,
"ಬರ್ಚ್ ಹಲಗೆಗೆ ಆಲ್ಡರ್, ಒಮ್ಮೆ ನನ್ನ ಕೈಗವಸು,
ಒಮ್ಮೆ ಫೋರ್‌ಮನ್ ಆರ್ವೊನ ಟೊಪ್ಪಿ."
ಉರ್ವೆ ನಕ್ಕಳು. ಆಮೇಲೆ, ಕೇಳದೆಯೇ, ಹೇಳಿದಳು:
ಹೆಲ್ಸಿಂಕಿಯ ಹಡಗು ಹತ್ತಿದ ಮೇಲೆ ಮಾರ್ಗುಸ್
ಎರಡು ಸಲ ಫೋನು ಮಾಡಿದ,
ಎರಡು ಸಲವೂ, ಡ್ರಿಲ್ಲಿಂಗ್ ಯಂತ್ರ ಎಲ್ಲಿಟ್ಟಿದೀಯ ಅಂತ.
ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟೆ.
ಅಂಟಿನ ವಿಷಯ ನನಗೆ ಗೊತ್ತು. ನಂಟಿನದು ಅಷ್ಟಕ್ಕಷ್ಟೆ.

ಎಂಟಕ್ಕೆ ರಿಪೇರಿಯವನು ಬಂದ. ಎಣಿಸಿದರೆ ಒಂದು ಶೀಶೆ ಕಡಿಮೆ.
ಕೆಳಗೆ ಲಿಂಡನ್ ಮರದ ಬುಡದಲ್ಲಿ ಮೊಣಕಾಲುದ್ದ ಹಿಮ.
ಹಿಟ್ಟು ಜರಡಿ ಹಿಡಿದ ಹಾಗೆ ಹಿಡಿದೆವು. ಸಿಗಲಿಲ್ಲ.

ಏಪ್ರಿಲಿನಲ್ಲಿ ಸಿಕ್ಕಿತು, ಕಾಗೆಯೊಂದು ಕುಕ್ಕಿ ನೋಡುತ್ತಿತ್ತು.
ಮುಚ್ಚಳ ಬಿಗಿಯಾಗಿಯೇ ಇತ್ತು. ಚೀಟಿ ಬಿಟ್ಟುಹೋಗಿತ್ತು;
ಅದರ ಗೋಂದು ನಮ್ಮ ಕಾರ್ಖಾನೆಯದಲ್ಲ.
"ಬಿಸಾಡಿ," ಅಂದಳು ಉರ್ವೆ,
"ಕರಗಿ, ಗಟ್ಟಿಯಾಗಿ, ಮತ್ತೆ ಕರಗಿದೆ. ಎಷ್ಟು ಸಲವೋ.
ಇನ್ನದು ಯಾರ ಕೈಯನ್ನೂ ಹಿಡಿಯುವುದಿಲ್ಲ."

ಈಗ ಬೀಗದ ಕೈಗಳ ಜೊತೆ ನನ್ನ ಜೇಬಿನಲ್ಲಿದೆ.
ಸುತ್ತು ಹೊಡೆಯುವಾಗ ಕಬ್ಬಿಣಕ್ಕೆ ತಾಗಿ ಟಿಕ್ ಟಿಕ್ ಅನ್ನುತ್ತದೆ.
ಮೂರನೇ ಮಹಡಿ ಬಂದಾಗ, ಸದ್ದಾಗದಿರಲಿ ಎಂದು,
ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತೇನೆ.