ಕೈಯಾಸರೆ

ಎರಡು ನಿಮಿಷಕ್ಕೊಮ್ಮೆ ಗಡಿಯಾರ ಕೀಂ ಎನ್ನುತ್ತದೆ.
ಎರಡು ನಿಮಿಷಕ್ಕೊಮ್ಮೆ ಅಮಾನ್ ಮುರ್ನಿ
ಕತ್ತು ಹಿಂದಕ್ಕೆ ಚೆಲ್ಲಿ, ಮೇಲೆ ನೋಡಿ,
ಒಂದು ಗೀಟು ಎಳೆಯುತ್ತಾನೆ.

ಕೂತಿದ್ದಾಳೆ. ಕೂತಿದ್ದಾಳೆ. ಒಂದು ಕೈಯಲ್ಲಿ ಜೋತಿದ್ದಾಳೆ.
ಕಾಂಡ ತಬ್ಬಿ ಏರುತ್ತಿದ್ದಾಳೆ.
ಉಚ್ಚೆ ಹೊಯ್ದಳು. ಅದಕ್ಕೆ ಕಲಂ ಇಲ್ಲ,
ಅವನ ಟೋಪಿಯೇ ದಾಖಲೆ.

ಆಲಾಸ್ ಹೊಳೆಯ ದಡದ ಈ ಕಾಡಲ್ಲಿ
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ:
ಮಾವಾಸ್ ಎದ್ದರೆ ಏಳುವುದು,
ಮಾವಾಸ್ ಸೊಪ್ಪಿನ ಹಾಸಿಗೆ ಹೆಣೆದು ಮಲಗಿದರೆ ಮನೆಗೆ ಹೋಗುವುದು.
ಇವಳಿಗೆ ತೆರಾಸಿ ಎಂದು ಹೆಸರಿಟ್ಟವನೂ ಅವನೇ,
ಒಣಸೀಗಡಿ ಅರೆದಿಟ್ಟ ಮುದ್ದೆಯ ಬಣ್ಣ ಅಂತ.

ಹತ್ತೂ ಇಪ್ಪತ್ತು.
ಹಣ್ಣು ಯಾವತ್ತೂ ತುದಿಯಲ್ಲೇ ಇರುತ್ತದೆ,
ತುದಿ ಯಾವತ್ತೂ ಸಪೂರ.
ನಾಲ್ಕು ಕಾಲೂರಿದರೆ ಕೊಂಬೆ ಬಾಗುತ್ತದೆ, ಹೆದರಿಸುತ್ತದೆ.
ತೆರಾಸಿ ಎದ್ದು ನಿಂತಳು.
ಮೊಣಕಾಲು ನೆಟ್ಟಗೆ, ಬೆನ್ನು ನೆಟ್ಟಗೆ.
ಮೇಲಿನ ಬಳ್ಳಿಗೆ ಒಂದು ಕೈ,
ಹಿಡಿದದ್ದಲ್ಲ, ಮುಟ್ಟಿದ್ದು,
ಬಸ್ಸಿನಲ್ಲಿ ನಿಂತವರು ಸರಳು ಮುಟ್ಟುವ ಹಾಗೆ.
ನಾಲ್ಕು ಹೆಜ್ಜೆ,
ನೆಲದಿಂದ ಇಪ್ಪತ್ತೈದು ಮೀಟರ್ ಮೇಲೆ.
ಅತ್ತಿಯ ಗೊಂಚಲು ಬಾಯಿಗೆ ಬಂತು.
ಹನ್ನೆರಡನೆಯ ಕಲಂ: ಎರಡು ಕಾಲು, ಕೈಯಾಸರೆ.

ಮಧ್ಯಾಹ್ನ ಬಾಳೆಲೆಯ ಬುತ್ತಿ ಬಿಚ್ಚಿ
ಹಾಲೆಂಡಿನಿಂದ ಬಂದ ಹಿಸ್ಕೆ ಹೇಳುತ್ತಾಳೆ,
ಮೆಣಸಿನ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ:
ಶಾಲೆಯ ಪುಸ್ತಕದಲ್ಲಿ ಒಂದು ಮೆರವಣಿಗೆ ಇರುತ್ತದಲ್ಲ,
ಮೊದಲನೆಯವನು ಬೆರಳ ಗೆಣ್ಣೂರಿ ಬಗ್ಗಿದವ,
ಎರಡನೆಯವನಿಗೆ ತುಸು ಕಡಿಮೆ ಗೂನು,
ಕೊನೆಯವ ಈಟಿ ಹಿಡಿದು ನೇರ.
ಹಾಗಿರಲಿಲ್ಲವೋ ಏನೋ.
ನೆಲಕ್ಕಿಳಿದು ಎದ್ದು ನಿಂತದ್ದಲ್ಲ,
ಮೇಲೇ ನಿಂತಿದ್ದರು, ಹಣ್ಣಿಗೆ.
ಆಮೇಲೆ ದೂರದ ಆಫ್ರಿಕದಲ್ಲಿ ಮರಕ್ಕೂ ಮರಕ್ಕೂ ನಡುವೆ
ಹುಲ್ಲು ಬೆಳೆಯಿತು. ಇಳಿದರು,
ನಡಿಗೆಯನ್ನು ಜೊತೆಗೇ ತಂದರು.
ಗೆಣ್ಣೂರುವುದನ್ನು ಗೊರಿಲ್ಲ, ಚಿಂಪಾಂಜಿಗಳು
ತಮ್ಮ ಪಾಡಿಗೆ ಆಮೇಲೆ ಕಲಿತಿರಬಹುದು.
ಇರಬಹುದು, ಇರಬಹುದು.
ಉಪ್ಪಿನ ಹಾಗೆ ಅವಳ ಪ್ರತಿ ಮಾತಿಗೂ ಒಂದು ಚಿಟಿಕೆ.

ಅಮಾನ್ ಮುರ್ನಿ ವಾದಿಸುವುದಿಲ್ಲ.
ಡುರಿಯನ್ ಮರದಿಂದ ಬಿದ್ದು ಸೊಂಟ ಮುರಿದಾಗ
ಆರು ತಿಂಗಳು ಹಲಗೆಗೋಡೆ ಸವರುತ್ತ ನಡೆದವನು.
ಈಗ ಅದೇ ಗೋಡೆಗೆ
ಮೊಮ್ಮಗಳ ಜಿಡ್ಡು ಅಂಗೈಯ ಗುರುತು.
ಬೆಂಚು, ಗೋಡೆ, ಅಜ್ಜಿಯ ಸರೊಂಗಿನ ಅಂಚು,
ಕೊನೆಗೆ ಅವನ ಒಂದು ಬೆರಳು.
ಬೆರಳು ಭಾರ ಹೊರುವುದಿಲ್ಲ,
ಹೆದರಿಕೆ ಹೊರುತ್ತದೆ.

ಕಾಲಿಗೆ ಬುದ್ಧಿ ಹೇಳಿದ್ದು ಮರವೇ ಇರಬೇಕು.
ಆಮೇಲೆ ಯಾರು ಯಾರ ಕೈಬಿಟ್ಟರೋ,
ಮರ ನಮ್ಮದನ್ನೋ, ನಾವು ಮರದ್ದನ್ನೋ.
ನಮ್ಮ ಕಾಲ ಮೇಲೆ ನಾವೇ ನಿಂತೆವು
ಎಂದು ಹೇಳಿಕೊಳ್ಳುವಷ್ಟು
ಮರವನ್ನು ಮರೆತೆವು.

ಮೂರೂ ನಲವತ್ತೆರಡು. ಮರ ಮುಗಿಯಿತು.
ಆಚೆಯ ಕೊಂಬೆ ದೂರ. ಮರಿ ರಾಗ ತೆಗೆದಿದೆ.
ತೆರಾಸಿ ಕಾಲಲ್ಲಿ ಈ ಮರ, ಕೈಯಲ್ಲಿ ಆ ಮರ ಹಿಡಿದು
ನಡುವೆ ತಾನೇ ಹಾಸಿಕೊಂಡಳು.
ಮರಿ ಅವಳ ಬೆನ್ನ ಮೇಲೆ ಹಾದುಹೋಯಿತು,
ಅರ್ಧದಲ್ಲಿ ನಿಂತು ಅವಳ ಕಿವಿ ಜಗ್ಗಿತು.
ಇದಕ್ಕೆ ಕಲಂ ಇದೆ: ಸೇತುವೆ.
ಗಡಿಯಾರ ಇನ್ನೂ ಕೀಂ ಎಂದಿರಲಿಲ್ಲ.
ಆದರೂ ಗೀಟು ಎಳೆದ.

ಸಂಜೆ ಮನೆಯ ದಾರಿಗೆ ಹೊಳೆಯ ತೂಗುಸೇತುವೆ.
ಮಳೆಗೆ ಹಲಗೆಗಳು ಪಾಚಿಗಟ್ಟಿವೆ, ಎರಡು ಹಲಗೆ ಇಲ್ಲವೇ ಇಲ್ಲ.
ಕಣ್ಣು ಮುಚ್ಚಿಯೂ ದಾಟಬಲ್ಲ.
ಒಂದು ಕೈಯಲ್ಲಿ ಬೂಟು, ಸಕ್ಕರೆಯ ಪೊಟ್ಟಣ.
ಇನ್ನೊಂದು ಕೈ ತಂತಿಯ ಮೇಲೆ,
ಹಿಡಿದದ್ದಲ್ಲ.
ನಡುಸೇತುವೆಯಲ್ಲಿ ಅವನಿಗೆ ನಗು ಬಂತು.
ಫಾರಮು ಚೀಲದಲ್ಲಿತ್ತು,
ಪೆನ್ಸಿಲು ಕಿವಿಯ ಹಿಂದೆ.